ಅತ್ತೆ ಮಲಗಿ ನೋಡಿದ ದಿಂಬು

ಅವ್ವ ಬಿದ್ದದ್ದು ಭಾನುವಳ್ಳಿಯಲ್ಲಿ, ಬಸ್ಸಿನಿಂದ ಇಳಿಯುವಾಗ. ಅಲ್ಲಿ ಅವಳ ತಂಗಿಯ ಮನೆಯಿದೆ. ಹರಿಹರದಲ್ಲಿ ಅಣ್ಣನ ಜೊತೆ ಇರುವ ಅವ್ವ ಬೇಸರವಾದಾಗಲೆಲ್ಲ ಒಂದು ಕೈಚೀಲ ಹಿಡಿದು ಭಾನುವಳ್ಳಿ ಬಸ್ಸು ಹತ್ತಿಬಿಡುತ್ತಾಳೆ. ಅವತ್ತು ಕೊನೆಯ ಮೆಟ್ಟಿಲಲ್ಲಿ ಸೀರೆಯ ನಿರಿಗೆ ಕಾಲಿಗೆ ತೊಡರಿ ಎಡ ಹೆಗಲ ಮೇಲೆ ಬಿದ್ದಳು. ಕಾಲರ್ ಬೋನ್ ಮುರಿದಿತ್ತು. ಆಪರೇಷನ್ ಬೇಕಿಲ್ಲ, ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಅಲುಗಾಡಿಸದೆ ಇದ್ದರೆ ತಾನಾಗಿ ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ಅವ್ವನಿಗೆ ಅಲುಗಾಡದೆ ಇರು ಎನ್ನುವುದು ಉಸಿರಾಡದೆ ಇರು ಎಂದಂತೆ.

ಅಣ್ಣನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅತ್ತಿಗೆ ಬೆಳಿಗ್ಗೆಯೇ ಅಂಗನವಾಡಿಗೆ ಹೋಗಬೇಕು. ಹಗಲು ಹೊತ್ತು ಅವ್ವನ ಪಕ್ಕದಲ್ಲಿ ಯಾರಾದರೂ ಇರಲೇಬೇಕಾಗಿತ್ತು. ನಾನು ದಾವಣಗೆರೆಯಲ್ಲಿ, ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲೇ ಕೂತು ಬ್ಲೌಸು ಹೊಲಿಯುವವಳು. ಮಿಷನ್ನು ಹಾಲ್‌ನಲ್ಲಿದೆ, ಅಡುಗೆಮನೆ ನಾಲ್ಕು ಹೆಜ್ಜೆ. ಹಾಗಾಗಿ ಅವ್ವನನ್ನು ನಮ್ಮ ಮನೆಗೇ ಕರೆತಂದೆವು. ನಮ್ಮ ಮನೆಯವರು ಒಂದು ಮಾತೂ ಆಡದೆ ಕಾರು ಗೊತ್ತು ಮಾಡಿಕೊಂಡು ಬಂದರು. ನನಗಿದ್ದ ಚಿಂತೆ ಬೇರೆ. ಮನೆಯಲ್ಲಿ ಮಲಗುವ ಕೋಣೆ ಎರಡೇ. ಒಂದು ನಮ್ಮದು, ಇನ್ನೊಂದು ಅತ್ತೆಯದು. ಅವ್ವನನ್ನು ಅತ್ತೆಯ ಕೋಣೆಯಲ್ಲೇ ಮಲಗಿಸಬೇಕು.

ನನ್ನ ಅವ್ವ ಮತ್ತು ನನ್ನ ಅತ್ತೆ ನನ್ನ ಮದುವೆಯ ದಿನದಿಂದ ನೇರವಾಗಿ ಮಾತಾಡಿದವರಲ್ಲ. ಕಾರಣ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಊಟದ ಮನೆಯಲ್ಲಿ ಮೊದಲ ಪಂಕ್ತಿಗೆ ಕೂತಿದ್ದ ನನ್ನ ದೊಡ್ಡವ್ವನನ್ನು, ಅಂದರೆ ಅವ್ವನ ಅಕ್ಕನನ್ನು, ಗಂಡಿನ ಕಡೆಯ ಯಾರೋ ಬಂದು, "ಇದು ನಮ್ಮೋರಿಗೆ ಹಾಕಿರೋ ಸಾಲು, ಏಳ್ರಿ" ಎಂದು ಎಬ್ಬಿಸಿದ್ದರು. ಎಲೆಗೆ ಉಪ್ಪು, ಕೋಸಂಬರಿ ಬಿದ್ದಾಗಿತ್ತು. ದೊಡ್ಡವ್ವ ಮರುಮಾತಿಲ್ಲದೆ ಎದ್ದು ಹೋಗಿ ಕೈ ತೊಳೆದುಕೊಂಡು ಮುಂದಿನ ಪಂಕ್ತಿಗೆ ಕೂತಳಂತೆ. ಅವ್ವನಿಗೆ ಅದು ಮನಸ್ಸಿನಿಂದ ಹೋಗಲೇ ಇಲ್ಲ. ಅಲ್ಲಿಂದಾಚೆ ಹಬ್ಬಕ್ಕೆ, ನಾಮಕರಣಕ್ಕೆ, ಸಾವಿಗೆ, ಎಲ್ಲಕ್ಕೂ ಬಂದಳು, ಅರಿಸಿನ ಕುಂಕುಮ ತಗೊಂಡಳು, ಆದರೆ ಮಾತೆಲ್ಲ ನನ್ನ ಮೂಲಕವೇ. ಇಬ್ಬರೂ ಎದುರುಬದುರು ಕೂತಿರುವಾಗಲೇ ಅತ್ತೆ, "ನಿಮ್ಮವ್ವಗೆ ಚಾ ಹಾಕ್ಲಾ ಕೇಳು" ಎನ್ನುತ್ತಿದ್ದರು. ಅವ್ವ, "ಅರ್ಧ ಲೋಟ ಸಾಕು ಅಂತ ಹೇಳು" ಎನ್ನುತ್ತಿದ್ದಳು. ನಾನು ಎರಡೂ ಕಡೆಗೆ ತಲೆಯಾಡಿಸಿ ಚಹಾ ಸೋಸುತ್ತಿದ್ದೆ.

ಅವ್ವ ಬರುವ ಹಿಂದಿನ ದಿನ ಅತ್ತೆ ತಮ್ಮ ಮಂಚವನ್ನು ಗೋಡೆಯ ಕಡೆ ಎಳೆಸಿ, ಕಿಟಕಿಯ ಪಕ್ಕದ ಜಾಗ ಖಾಲಿ ಮಾಡಿಸಿದ್ದರು. "ನಿಮ್ಮವ್ವಗೆ ಗಾಳಿ ಬೇಕಾಗ್ತೈತೆ" ಎಂದರು, ಅಷ್ಟೇ.

ಅದು ಬೇಸಿಗೆ. ದಾವಣಗೆರೆಯ ಬೇಸಿಗೆಯಲ್ಲಿ ಸಂಜೆಯಾದರೂ ಗೋಡೆಗಳು ಬಿಸಿಯನ್ನು ಬಿಡುವುದಿಲ್ಲ, ಫ್ಯಾನು ಆ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಅವ್ವ ಹರಿಹರದಿಂದ ತನ್ನದೇ ದಿಂಬು ತಂದಿದ್ದಳು. ಹಳೆಯ ಹತ್ತಿಯದು. ಯಾವ ಕಾಲದಲ್ಲಿ ತುಂಬಿಸಿದ್ದೋ, ಹತ್ತಿ ಗಂಟುಗಂಟಾಗಿ ಒಳಗೆ ಕಲ್ಲು ಇಟ್ಟಂತಾಗಿತ್ತು. ಮೊದಲೆಲ್ಲ ಅದು ಅವಳಿಗೆ ಸರಿಹೋಗಿತ್ತೇನೋ. ಈಗ ಎಡಕ್ಕೆ ಹೊರಳುವಂತಿಲ್ಲ, ಅಂಗಾತ ಮಲಗಿದರೆ ಕುತ್ತಿಗೆ ಹಿಂದಕ್ಕೆ ಬಾಗಿ ಹೆಗಲಿನವರೆಗೂ ಸೆಳೆತ. ಬೆಳಿಗ್ಗೆ ಎದ್ದಾಗ ಅವಳ ಕಣ್ಣುಗಳು ಕೆಂಪಗಿರುತ್ತಿದ್ದವು. ಕೇಳಿದರೆ, "ಚಲೋ ನಿದ್ದೆ ಬಂತು" ಎನ್ನುತ್ತಿದ್ದಳು. ಮಗಳ ಮನೆಯಲ್ಲಿ ತನ್ನಿಂದ ಯಾರಿಗೂ ತೊಂದರೆಯಾಗಬಾರದು ಎನ್ನುವುದೊಂದೇ ಅವಳ ಹಠ.

ನಿಜ ಹೇಳಿದವರು ಅತ್ತೆ. ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು ತಗ್ಗಿದ ದನಿಯಲ್ಲಿ ಹೇಳಿದರು. "ನಿಮ್ಮವ್ವ ನಿದ್ದೆ ಮಾಡಂಗಿಲ್ಲ ಕಣವ್ವಾ. ಒಂದು ಕೈಯಾಗೆ ದಿಂಬು ತಿರುವಿ ಹಾಕ್ತಾಳೆ, ಮಲಗ್ತಾಳೆ. ಅದು ಕಾದ ಮ್ಯಾಲೆ ಮತ್ತೆ ತಿರುವಿ ಹಾಕ್ತಾಳೆ. ಸದ್ದು ಆಗಬಾರ್ದು ಅಂತ ಹಲ್ಲು ಕಚ್ಚಿಕಂಡು ಮಾಡ್ತಾಳೆ. ಸಾಕಾದ್ರೆ ಎದ್ದು ಕೂಡ್ತಾಳೆ. ಏನಾರ ಮಾಡು."

"ನೀವು ಎದ್ದಿರೋದು ಅವ್ವಗೆ ಗೊತ್ತೇನು?" ಎಂದೆ.

"ನಾನ್ಯಾಕ ಗೊತ್ತಾಗಂಗೆ ಮಾಡ್ಲಿ? ಕಣ್ಣು ಮುಚ್ಚಿಕಂಡೇ ಇರ್ತೀನಿ."

ಅವತ್ತೇ ಫೋನಿನಲ್ಲಿ ಹುಡುಕಿ ಒಂದು ಮೆಮೊರಿ ಫೋಮ್ ದಿಂಬು ತರಿಸಿದೆ. ಕೊಂಡವರೆಲ್ಲ ಅಲ್ಲಿ ಹೊಗಳಿ ಬರೆದಿದ್ದರು. ಬಂತು, ಮುಟ್ಟಿದರೆ ಬೆಣ್ಣೆಯ ಹಾಗೆ. ಅವ್ವ ತಲೆಯಿಟ್ಟಳು, ತಲೆ ಮೆಲ್ಲಗೆ ಒಳಗೆ ಇಳಿಯಿತು, ಇಳಿದದ್ದು ಅಲ್ಲೇ ಕೂತಿತು. ಹೊರಳಬೇಕಾದರೆ ಆ ಗುಂಡಿಯಿಂದ ತಲೆ ಎತ್ತಬೇಕು, ಎತ್ತಿದರೆ ಹೆಗಲು ನೋಯುತ್ತದೆ. ಮೇಲಾಗಿ ಎರಡು ಕಿವಿಯ ಸುತ್ತಲೂ ಬಿಸಿ. "ನಾದಿದ ಹಿಟ್ಟಿನಾಗೆ ತಲೆ ಹುಗಿದಂಗೆ ಆಗ್ತೈತೆ" ಎಂದಳು ಅವ್ವ. ಮೊದಲ ಸಲ ಅವಳ ಬಾಯಿಂದ ಒಂದು ದೂರು ಬಂದಿತ್ತು. ನನಗೆ ಅದೇ ಒಂದು ಸಮಾಧಾನ. ಆ ದಿಂಬು ಈಗ ನಮ್ಮ ಮನೆಯವರು ಟಿವಿ ನೋಡುವಾಗ ಬೆನ್ನಿಗೆ ಇಟ್ಟುಕೊಳ್ಳಲು ಇದೆ.

ಬೆರಳು, ಮಣಿಕಟ್ಟಿಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿಗೆ ಈ ವಿಷಯ ಹೇಳಿದೆ. ಅವಳು, "ಆಂಟಿ, ನ್ಯಾಚುರಲ್ ಲ್ಯಾಟೆಕ್ಸ್‌ದು ನೋಡ್ರಿ. ರಬ್ಬರ್ ಮರದ ಹಾಲಿನಿಂದ ಮಾಡಿರ್ತಾರೆ. ಅದು ತಲೆನ ಹುಗಿಸಿಕೊಳ್ಳಲ್ಲ, ಎತ್ತಿ ಹಿಡಿತೈತೆ. ಒಳಗೆ ತೂತು ಇರ್ತಾವೆ, ಗಾಳಿ ಆಡ್ತೈತೆ. ಆದ್ರೆ ಎತ್ತರ ಸರಿಯಾಗಿ ನೋಡಿ ತಗೋಬೇಕು, ಮಲಗಿ ನೋಡದೆ ತರಬ್ಯಾಡ್ರಿ" ಎಂದಳು. ರಬ್ಬರಿನ ವಸ್ತು ಮುಟ್ಟಿದರೆ ಅವ್ವನಿಗೆ ತುರಿಕೆ ಗಿರಿಕೆ ಉಂಟೇ ಎಂದೂ ಕೇಳಿಕೊಂಡಳು. ಅಂಥದ್ದೇನೂ ಇರಲಿಲ್ಲ.

ಮಲಗಿ ನೋಡಬೇಕು ಎನ್ನುವುದೇ ಕಷ್ಟವಾಯಿತು. ಅವ್ವ ಆಟೋದಲ್ಲಿ ಕೂತರೆ ಪ್ರತಿ ಹಂಪ್‌ಗೂ ಮುಖ ಹಿಂಡುತ್ತಾಳೆ. ಅಂಗಡಿಯವರು ದಿಂಬುಗಳನ್ನು ಮನೆಗೆ ಕಳಿಸುತ್ತಾರೆಯೇ ಎಂದು ಫೋನು ಮಾಡಿದೆ, ಇಲ್ಲವೆಂದರು. ನಾನೇ ಹೋಗಿ ಮಲಗಿ ನೋಡಿ ತರುತ್ತೇನೆ ಎಂದುಕೊಂಡೆ. ನಾನು ಅಪ್ಪನ ಹಾಗೆ ಎತ್ತರ, ಅಗಲ ಹೆಗಲು. ನನಗೆ ಸರಿಯಾದದ್ದು ಅವ್ವನಿಗೆ ಹೆಚ್ಚಾಗುತ್ತದೆ. ಮಿಷನ್ನಿನ ಮುಂದೆ ಕೂತು ಹೀಗೆ ಗೊಣಗುತ್ತಿದ್ದೆ. ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದವರು ತಟ್ಟೆ ಪಕ್ಕಕ್ಕಿಟ್ಟರು.

"ನಾನು ಬರ್ತೀನಿ ನಡಿ."

"ನೀವ್ಯಾಕೆ ಅತ್ತೆ, ಈ ಬಿಸಿಲಾಗೆ?"

"ನಂದು, ನಿಮ್ಮವ್ವಂದು ಬ್ಲೌಸಿನ ಅಳತೆ ಒಂದೇ ಅಂತ ನೀನೇ ಹೇಳಿದ್ದಿ. ಹೆಗಲು ಒಂದೇ ಅಂದ್ಮ್ಯಾಲೆ ದಿಂಬೂ ಒಂದೇ ಆಗಬೇಕಲ್ಲ?"

ಅದು ನಿಜ. ಇಬ್ಬರ ಬ್ಲೌಸಿಗೂ ನಾನು ಒಂದೇ ಕಾಗದದ ಕಟಿಂಗ್ ಇಟ್ಟು ಕತ್ತರಿಸುತ್ತಿದ್ದೆ, ತೋಳಿನಲ್ಲಿ ಮಾತ್ರ ಕೊಂಚ ವ್ಯತ್ಯಾಸ. ಯಾವಾಗಲೋ ನಗುತ್ತಾ ಹೇಳಿದ ಮಾತದು. ಅತ್ತೆ ಅದನ್ನು ನೆನಪಿಟ್ಟುಕೊಂಡಿದ್ದರು.

ಪಕ್ಕದ ಮನೆಯಾಕೆಯನ್ನು ಅವ್ವನ ಹತ್ತಿರ ಕೂರಿಸಿ, ಇಬ್ಬರೂ ಆಟೋ ಹಿಡಿದು ಪಿ.ಬಿ. ರಸ್ತೆಯ ಹಾಸಿಗೆ ಅಂಗಡಿಗೆ ಹೋದೆವು. ಅಂಗಡಿ ನಡೆಸುವವಳು ನನ್ನ ವಯಸ್ಸಿನ ಹೆಂಗಸು. "ಬರ್ರಿ, ಕೂಡ್ರಿ" ಎಂದು ನೀರು ಕೊಟ್ಟಳು. ಲ್ಯಾಟೆಕ್ಸ್ ಎಂದ ಕೂಡಲೇ ಮೂರ್ನಾಲ್ಕು ದಿಂಬು ತಂದು ಮೇಜಿನ ಮೇಲಿಟ್ಟಳು. ಎತ್ತಿದರೆ ಒಂದೊಂದೂ ಸಣ್ಣ ಕೂಸಿನಷ್ಟು ತೂಕ. ನಡುವೆ ಸೀಳಿದ ಒಂದು ತುಂಡನ್ನು ತೋರಿಸಿದಳು. ಮೇಲಿನಿಂದ ಕೆಳಗಿನವರೆಗೆ ಜರಡಿಯ ಹಾಗೆ ತೂತುಗಳು. "ಒತ್ತಿ ನೋಡ್ರಿ" ಎಂದಳು. ಒತ್ತಿ ಕೈ ತೆಗೆದರೆ ತಕ್ಷಣ ಎದ್ದು ನಿಂತಿತು, ಮೆಮೊರಿ ಫೋಮಿನ ಹಾಗೆ ಕೈಗುರುತು ಹಿಡಿದಿಟ್ಟುಕೊಳ್ಳಲಿಲ್ಲ.

"ಎಲ್ಲಾನೂ ಅಸಲಿನಾ?" ಎಂದು ಅತ್ತೆ ನೇರವಾಗಿಯೇ ಕೇಳಿದರು.

ಅವಳು ನಕ್ಕಳು. "ಇದು ಅರ್ಧ ಬೆರಕೆ ಅಜ್ಜಿ, ಅದಕ್ಕೆ ಅಗ್ಗ. ಈ ಮೂರು ಪೂರ್ತಿ ಮರದ ಹಾಲಿನವು, ಲೇಬಲ್ಲಿನಾಗೆ ಬರೆದೈತೆ ನೋಡ್ರಿ. ಒಂದು ಮಾತು ಹೇಳ್ತೀನಿ. ತಣ್ಣಗಿರ್ತೈತೆ ಅಂದ್ರೆ ಕೂಲರ್ ಇದ್ದಂಗೆ ಇರಲ್ಲ. ಬಿಸಿ ಹಿಡ್ಕಳಲ್ಲ, ಅಷ್ಟೇ. ಮ್ಯಾಲೆ ದಪ್ಪ ಪಾಲಿಯೆಸ್ಟರ್ ಕವರ್ ಹಾಕಿದ್ರೆ ಅದೂ ಇಲ್ಲ."

"ಕವರ್ ನಾನೇ ಹೊಲಿತೀನಿ, ಕಾಟನ್ನಿಂದು" ಎಂದೆ.

ಅತ್ತೆ ಚಪ್ಪಲಿ ಕಳಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಡಿಯ ನಡುವೆ ಇಟ್ಟಿದ್ದ ದೊಡ್ಡ ಮಂಚದ ಮೇಲೆ ಹತ್ತಿದರು. ಹೊರಗೆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಗಾಜಿನಿಂದ ಕಾಣುತ್ತಿತ್ತು. ಮನೆಯ ಹಾಲ್‌ನಲ್ಲೇ ಗಂಡಸರಿದ್ದರೆ ಕಾಲು ಚಾಚದ ಹೆಂಗಸು ಅವರು. ಮೊದಲ ದಿಂಬಿನ ಮೇಲೆ ಅಂಗಾತ ಮಲಗಿದರು. ಆಮೇಲೆ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಎಡಗೈಯನ್ನು ಮಡಿಸಿ ಎದೆಯ ಮೇಲೆ ಇಟ್ಟುಕೊಂಡು ಬಲಗೈಯಿಂದ ಆ ಮೊಣಕೈಯನ್ನು ಹಿಡಿದರು. ಗದ್ದವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದರು. ಎಡಗಾಲನ್ನು ಮಡಿಸಿ ಊರಿ, ಆ ಕಾಲಿನ ಬಲದಿಂದಲೇ ಮೆಲ್ಲಗೆ ಬಲಕ್ಕೆ ಹೊರಳಿದರು. ಅವ್ವ ಹೊರಳುವುದು ಹೀಗೆಯೇ. ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲ. ಕಣ್ಣು ಮುಚ್ಚಿಕೊಂಡೇ ಇರುತ್ತೇನೆ ಎಂದವರು ಇದನ್ನೆಲ್ಲ ಯಾವಾಗ ನೋಡಿದರು?

"ಇದು ಎತ್ತರ ಆಗ್ತೈತೆ. ಗದ್ದ ಎದೆಗೆ ಬರ್ತೈತೆ, ಅವಳಿಗೆ ಉಸಿರು ಕಟ್ಟತೈತೆ" ಎಂದರು.

ಎರಡನೆಯದರಲ್ಲಿ ಕುತ್ತಿಗೆಯ ಕಡೆ ಒಂದು ಉಬ್ಬು ಇತ್ತು. ಅದು ಅಂಗಾತ ಮಲಗಿದಾಗ ಚೆನ್ನಾಗಿತ್ತು, ಪಕ್ಕಕ್ಕೆ ತಿರುಗಿದರೆ ಉಬ್ಬು ಕಿವಿಯ ಕೆಳಗೆ ಒತ್ತಿತು. ಮೂರನೆಯದು ಸಪಾಟು, ನಡು ಎತ್ತರದ್ದು. ಅತ್ತೆ ಅದರ ಮೇಲೆ ಅಂಗಾತ ಮಲಗಿ ನೋಡಿದರು, ಬಲಕ್ಕೆ ಹೊರಳಿದರು, ಸುಮ್ಮನಾದರು. ನಾನು ಬಗ್ಗಿ ನೋಡಿದೆ. ಕುತ್ತಿಗೆ ಬೆನ್ನಿನ ಗೆರೆಗೆ ಸರಿಯಾಗಿ ನೆಟ್ಟಗಿತ್ತು. "ಹೆಂಗೈತೆ ಅತ್ತೆ?" ಎಂದೆ. ಮತ್ತೆ ಕೇಳಿದೆ. ಅವರು ನಿದ್ದೆ ಹೋಗಿದ್ದರು.

ನನಗೆ ನಾಚಿಕೆ, ಎಬ್ಬಿಸಲು ಕೈ ಚಾಚಿದೆ. ಅಂಗಡಿಯಾಕೆ ನನ್ನ ಕೈ ಹಿಡಿದಳು. "ಮಲಗಲಿ ಬಿಡ್ರಿ. ಎಷ್ಟು ದಿನದ ನಿದ್ದೆನೋ ಏನೋ" ಎಂದು ಫ್ಯಾನನ್ನು ಅವರ ಕಡೆ ತಿರುಗಿಸಿದಳು. ಹೌದಲ್ಲ. ಅವ್ವ ಎಚ್ಚರವಾಗಿದ್ದಷ್ಟು ದಿನ ಅತ್ತೆಯೂ ಎಚ್ಚರವಾಗಿಯೇ ಇದ್ದರು. ನಾನು ಅವ್ವನ ಕೆಂಪು ಕಣ್ಣು ನೋಡಿದ್ದೆ, ಅತ್ತೆಯ ಕಣ್ಣನ್ನು ನೋಡಿರಲಿಲ್ಲ. ಹಾಸಿಗೆ ನೋಡಲು ಬಂದ ಗಂಡ ಹೆಂಡತಿಗೆ ಅಂಗಡಿಯಾಕೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವರೂ ಪಿಸುಮಾತಿನಲ್ಲೇ ವ್ಯಾಪಾರ ಮಾಡಿದರು. ಮೂಲೆಯ ಸ್ಟೂಲಿನ ಮೇಲೆ ಕೂತ ನನ್ನ ಕಣ್ಣು ತುಂಬಿ ಬಂತು. ಅಂಗಡಿಯಾಕೆ ಬೆಲೆಯ ಚಿಂತೆ ಎಂದುಕೊಂಡಳೋ ಏನೋ, ಕೇಳದೆಯೇ ಸ್ವಲ್ಪ ಇಳಿಸಿದಳು.

ಅತ್ತೆ ಎದ್ದು ಕೂತು ಸುತ್ತ ನೋಡಿ, ಸೆರಗು ತಲೆಗೆ ಎಳೆದುಕೊಂಡರು. "ಇದೇ ಕಟ್ರಿ" ಎಂದರು.

ಅಂಗಡಿಯಾಕೆ ಕೊಡುವಾಗ ಹೇಳಿದಳು: ನೀರಿನಲ್ಲಿ ನೆನೆಸಿ ಒಗೆಯಬಾರದು, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಿಸಿಲಿಗಂತೂ ಹಾಕಲೇಬಾರದು, ಗಟ್ಟಿಯಾಗಿ ಪುಡಿ ಉದುರುತ್ತದೆ. ಮೊದಲ ಕೆಲವು ದಿನ ರಬ್ಬರಿನ ವಾಸನೆ ಇರುತ್ತದೆ, ನೆರಳಿನಲ್ಲಿ ಗಾಳಿಗೆ ಇಟ್ಟರೆ ಹೋಗುತ್ತದೆ. ಬಿಸಿಲಿನ ಮಾತು ಕೇಳಿ ಅತ್ತೆಗೆ ಆಶ್ಚರ್ಯ. ಹಾಸಿಗೆ, ದಿಂಬು, ಕೌದಿ ಎಲ್ಲವನ್ನೂ ತಾರಸಿಯ ಮೇಲೆ ಒಣಗಿಸದಿದ್ದರೆ ಅವರಿಗೆ ಸಮಾಧಾನವಿಲ್ಲ.

ಮನೆಗೆ ಬಂದಾಗ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಅತ್ತೆ ದಿಂಬನ್ನು ಎರಡೂ ಕೈಯಲ್ಲಿ ತಂದು ಅವಳ ಮಂಚದ ಮೇಲೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಬಿಸಿಲಿಗೆ ಹಾಕಬಾರ್ದಂತೆ, ನಿಮ್ಮವ್ವಗೆ ಹೇಳು" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ನನಗೆ ಕಿವಿ ಕೇಳಸ್ತೈತೆ ಅಕ್ಕಾರೆ. ನನಗೇ ಹೇಳ್ರಿ" ಎಂದಳು.

ಅತ್ತೆ ಮಂಚದ ತುದಿಯಲ್ಲಿ ಕೂತರು. "ಬಿಸಿಲಿಗೆ ಹಾಕಬ್ಯಾಡ" ಎಂದರು, ಈ ಸಲ ಅವ್ವನ ಮುಖ ನೋಡಿ. "ನೀರಾಗೂ ಅದ್ದಬ್ಯಾಡ. ವಾಸನೆ ಐತೆ, ಎರಡು ದಿನ ನೆರಳಾಗೆ ಗಾಳಿಗೆ ಇಡೋಣ."

ಅವ್ವ ದಿಂಬನ್ನು ಮೂಸಿ, "ಹೊಸ ಚಪ್ಪಲಿ ಅಂಗಡಿಯಾಗೆ ಹೋದಂಗೈತೆ" ಎಂದಳು. ಅತ್ತೆ ನಕ್ಕರು. ಅವ್ವನೂ ನಕ್ಕು, ನಕ್ಕಿದ್ದಕ್ಕೆ ಹೆಗಲು ನೊಂದು, "ಅಯ್ಯೋ" ಎಂದಳು. ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅವತ್ತು ಅರ್ಧ ಲೋಟವೋ ಪೂರ್ತಿಯೋ ಎಂದು ನನ್ನನ್ನು ಯಾರೂ ಕೇಳಲಿಲ್ಲ, ಅವರವರೇ ಮಾತಾಡಿಕೊಂಡು ಕೂಗಿ ಹೇಳಿದರು.

ಬ್ಲೌಸಿನ ಲೈನಿಂಗಿಗೆ ತಂದಿದ್ದ ತೆಳು ಬಿಳಿ ಕಾಟನ್ ಬಟ್ಟೆಯಲ್ಲಿ ಎರಡು ಕವರು ಹೊಲಿದೆ. ವಾಸನೆ ಹೋದ ಮೇಲೆ ಹಾಕಿಕೊಟ್ಟೆ. ಮರುದಿನ ಬೆಳಿಗ್ಗೆ ನಾನು ಎದ್ದು ಅಡುಗೆಮನೆಯಲ್ಲಿ ಮಿಕ್ಸಿಯ ಬಟನ್ನಿಗೆ ಕೈ ಹಾಕಿದೆನೋ ಇಲ್ಲವೋ ಅತ್ತೆ ಓಡಿ ಬಂದರು. "ಚಟ್ನಿ ಬ್ಯಾಡ ಈಗ. ಮಲಗ್ಯಾಳೆ." ಹಾಲಿನವನು ಬೆಲ್ ಒತ್ತದಂತೆ ಗೇಟಿನ ಬಳಿಯೇ ನಿಂತು ಪಾಕೆಟ್ ತಗೊಂಡರು. ನಮ್ಮ ಮನೆಯವರಿಗೆ ಸ್ಕೂಟರನ್ನು ರಸ್ತೆಯವರೆಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡು ಎಂದರು. ಬಿಸಿಲು ಕಿಟಕಿಯಿಂದ ಒಳಗೆ ಬಂದು ಅವ್ವನ ಕಾಲಿನ ಮೇಲೆ ಬೀಳುವವರೆಗೂ ಅವಳು ಏಳಲಿಲ್ಲ. ಎದ್ದವಳು ಕುತ್ತಿಗೆಯನ್ನು ಆಚೆ ಈಚೆ ತಿರುಗಿಸಿ ನೋಡಿದಳು. "ಇಷ್ಟ್ಯಾಕ ಸುಮ್ಮನದೀರಿ ಎಲ್ಲರೂ? ಏನಾಗೈತೆ?" ಎಂದು ಗಾಬರಿಯಾದಳು.

ಎಲ್ಲವೂ ಒಂದು ದಿಂಬಿನಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಎಲುಬು ಕೂಡಿಕೊಳ್ಳುತ್ತಾ ಬಂದಂತೆ ನೋವು ಇಳಿಯಿತು, ಒಂದೆರಡು ಮಳೆ ಬಿದ್ದು ಗಾಳಿಯೂ ತಣ್ಣಗಾಯಿತು. ಆದರೆ ಅವ್ವ ದಿಂಬು ತಿರುವಿ ಹಾಕುವುದು ನಿಂತದ್ದು ಅವತ್ತಿನಿಂದಲೇ. ಅತ್ತೆಯ ಕಣ್ಣಿನ ಕೆಳಗಿನ ಕಪ್ಪೂ ಕಡಿಮೆಯಾಯಿತು. ಈಗ ಅದನ್ನೂ ನೋಡಲು ಕಲಿತಿದ್ದೆ.

ಮದುವೆಯ ಪಂಕ್ತಿಯ ಮಾತು ಬಂದದ್ದು ಒಂದು ಮಧ್ಯಾಹ್ನ. ಇಬ್ಬರೂ ಕೋಣೆಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದರು, ನಾನು ಹಾಲ್‌ನಲ್ಲಿ ಹುಕ್ಸ್ ಹಾಕುತ್ತಿದ್ದೆ. ಅತ್ತೆಯೇ ತೆಗೆದರು.

"ಅವತ್ತು ನಿಮ್ಮಕ್ಕನ್ನ ಎಬ್ಬಿಸಿದ್ದು ನಾನಲ್ಲ. ಆದ್ರೆ ನಾನು ಅಲ್ಲೇ ಹಪ್ಪಳದ ಪುಟ್ಟಿ ಹಿಡ್ಕಂಡು ನಿಂತಿದ್ದೆ. ಕೂಡ್ರಿ ಅಂತ ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ನಮ್ಮತ್ತೆಗೆ ಹೆದರಿದ್ದೆ."

ಅವ್ವ ತಟ್ಟೆಯಲ್ಲಿ ಉಳಿದ ಮಂಡಕ್ಕಿಯನ್ನು ಬೆರಳಿನಿಂದ ಒಂದು ಕಡೆ ಒಟ್ಟು ಮಾಡಿದಳು. ನಾನು ಸೂಜಿ ಹಿಡಿದು ಕಿವಿಗೊಟ್ಟು ಕೂತಿದ್ದೆ. ಕೊನೆಗೆ, "ನಮ್ಮಕ್ಕ ಅದನ್ನ ಅವತ್ತೇ ಬಿಟ್ಟಿದ್ಲು. ಊಟ ಚಲೋ ಇತ್ತು ಅಂತ ಹೋಗಿದ್ಲು. ಹಿಡ್ಕಂಡು ಕೂತಾಕಿ ನಾನು" ಎಂದಳು. ಆಮೇಲೆ, "ಅಕ್ಕಾರೆ, ಖಾರ ಆತು, ಆ ನೀರು ಕೊಡ್ರಿ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಡಾಕ್ಟರು ಪಟ್ಟಿ ಬಿಚ್ಚಿದ ಮೇಲೆ ಅವ್ವ ಹರಿಹರಕ್ಕೆ ಹೊರಟಳು. ಬಿಡಲು ಹೋಗುವಾಗ ಕಾರಿನಲ್ಲಿ ಅತ್ತೆಯೂ ಬಂದರು. ದಾರಿ ಬದಲಿಸಿ ಕೊಂಡಜ್ಜಿಗೆ ಹೋಗಿ ಕೆರೆಯ ದಂಡೆಯಲ್ಲಿ ಕೂತು ಚಿತ್ರಾನ್ನ ತಿಂದೆವು. ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು. ಅವ್ವ ದಿಂಬನ್ನು ಅತ್ತೆಗೇ ಬಿಟ್ಟುಹೋಗುತ್ತೇನೆ ಎಂದು ಹಠ ಹಿಡಿದಿದ್ದಳು. ಅತ್ತೆ ಒಪ್ಪಲಿಲ್ಲ. ನಾನು ನಿಮಗೂ ಒಂದು ತರುತ್ತೇನೆ ಅತ್ತೆ ಎಂದರೂ ಒಪ್ಪಲಿಲ್ಲ. "ನನಗೆ ಬಿಸಿಲಿಗೆ ಹಾಕೋ ದಿಂಬೇ ಬೇಕು. ಬಿಸಿಲಿನ ವಾಸನೆ ಇಲ್ದಿದ್ರೆ ನಿದ್ದೆ ಬರಂಗಿಲ್ಲ" ಎಂದರು. ಒಬ್ಬೊಬ್ಬರ ನಿದ್ದೆ ಒಂದೊಂದು ರೀತಿ. ನಾನು ಮತ್ತೆ ಒತ್ತಾಯ ಮಾಡಲಿಲ್ಲ.

ನಾನು ಯಾರಿಗೆ ಋಣಿ ಎಂದು ಕೇಳಿಕೊಂಡರೆ ತುಂಬಾ ಜನ ಕಣ್ಣ ಮುಂದೆ ಬರುತ್ತಾರೆ. ಮಲಗಿ ನೋಡದೆ ತರಬ್ಯಾಡ್ರಿ ಎಂದ ಆ ಫಿಸಿಯೋಥೆರಪಿ ಹುಡುಗಿ, ಗುರುತಿಲ್ಲದ ಮುದುಕಿಯ ನಿದ್ದೆ ಕಾದ ಅಂಗಡಿಯಾಕೆ, ಸ್ಕೂಟರ್ ತಳ್ಳಿಕೊಂಡು ಹೋದ ನಮ್ಮ ಮನೆಯವರು. ಎಲ್ಲರಿಗಿಂತ ಹೆಚ್ಚು ಅತ್ತೆಗೆ. ಅವರಿಗೆ ಇದನ್ನು ಬಾಯಿಬಿಟ್ಟು ಹೇಳಲು ಒಮ್ಮೆ ಪ್ರಯತ್ನಿಸಿದೆ. "ಏನು ಮಹಾ ಮಾಡಿದ್ನವ್ವಾ ನಾನು? ಅಂಗಡಿಗೆ ಹೋಗಿ ಮಲಗಿ ಬಂದೆ" ಎಂದು ಎದ್ದು ಹೋದರು.

ಕಳೆದ ತಿಂಗಳು ಅಣ್ಣ ಅತ್ತಿಗೆ ಯಾವುದೋ ಮದುವೆಗೆಂದು ಪರ ಊರಿಗೆ ಹೋಗಬೇಕಾಯಿತು. ಅವ್ವನ ಹತ್ತಿರ ಯಾರಿರುವುದು ಎಂದು ನಾನು ಫೋನಿನಲ್ಲಿ ಮಾತಾಡುತ್ತಿರುವಾಗಲೇ ಅತ್ತೆ ತಮ್ಮ ಸೀರೆಗಳನ್ನು ಮಡಿಚುತ್ತಿದ್ದರು. ಅವರನ್ನು ನಾನೇ ಬಸ್ ಸ್ಟ್ಯಾಂಡಿನಲ್ಲಿ ಹರಿಹರದ ಬಸ್ಸು ಹತ್ತಿಸಿದೆ. ನಿಧಾನ ಇಳಿರಿ, ನಿರಿಗೆ ನೋಡಿಕೊಳ್ಳಿ ಎಂದು ಕಿಟಕಿಯ ಹತ್ತಿರ ನಿಂತು ಹೇಳಿದೆ. ಅವರು ಹೊರಡುವ ಗಡಿಬಿಡಿಯಲ್ಲಿ ತಲೆಯಾಡಿಸಿದರು. ಸಂಜೆ ಫೋನು ಮಾಡಿದರೆ ಅವ್ವ ಎತ್ತಿದಳು. ಹಿಂದೆ ಅತ್ತೆಯ ದನಿ ಕೇಳುತ್ತಿತ್ತು, ಒಗ್ಗರಣೆಗೆ ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂದು ವಾದ ನಡೆದಿತ್ತು. "ಆಮ್ಯಾಲೆ ಮಾತಾಡ್ತೀನಿ ಕಣೇ, ಅಕ್ಕಾರು ಅಡಿಗೆ ಕೆಡಿಸ್ತಾರೆ" ಎಂದು ಅವ್ವ ಫೋನು ಇಟ್ಟಳು.